ಒಂಥರಾ ಅಂದ್ರೆ ಯಾವ ಥರ?

1988ರಲ್ಲಿ ನಾನು ಏಳನೇ ಕ್ಲಾಸಿಗೆ ಕೈಮುಗಿದು ಹೊಸಪೇಟೆಯ ವೆಲ್ಡಿಂಗ್ ಶೆಡ್ಡೊಂದನ್ನು ಸೇರಿದೆ. ಅದಕ್ಕೆ ನನಗೇನೂ ವಿಷಾದವಿಲ್ಲ. ಇವತ್ತು ಕಂಪ್ಲಿ ರಸ್ತೆಯಲ್ಲಿ ಕಬ್ಬು ಹೊತ್ತು ಓಡಾಡುವ ಟ್ರೇಲರುಗಳಲ್ಲಿ ಅರ್ಧದಷ್ಟು ನನ್ನ ಕೈಯಲ್ಲಿ ಹುಟ್ಟಿದವು. ಉಳಿದರ್ಧ ಬೇರೆಯವರ ಕೈಯಲ್ಲಿ ಹುಟ್ಟಿ ನನ್ನ ಬಳಿ ರಿಪೇರಿಗೆ ಬಂದವು! ಇಂಗ್ಲಿಷ್ ಮಾತ್ರ ನನಗೆ ಹತ್ತಲಿಲ್ಲ. ಚಿಂತೆಯಿಲ್ಲ, ನಮ್ಮ ಮನೆತನದ ಪಾಲಿನ ಇಂಗ್ಲಿಷನ್ನೆಲ್ಲ ನಮ್ಮ ಸೋದರಮಾವ ಒಬ್ಬನೇ ಗುತ್ತಿಗೆ ಹಿಡಿದಿದ್ದಾನೆ.

ಅದೂ ಎಂಥ ಇಂಗ್ಲಿಷ್ ಅಂತೀರಿ? ಬ್ಯಾಂಕಿನ ಚಲನ್ ತುಂಬು ಎಂದರೆ ಕನ್ನಡಕ ಮರೆತು ಬಂದೆ ಎನ್ನುತ್ತಾನೆ. ಅವನಿಗೆ ಬರುವುದು ಮನಸ್ಸಿನ ಸ್ಥಿತಿ ಹೇಳುವ ಪದಗಳು, ಅವಷ್ಟೇ! ನಮ್ಮ ಮಾವನಿಗೆ ಎಲ್ಲರಂತೆ ಸಿಟ್ಟು ಬರುವುದಿಲ್ಲ ಸ್ವಾಮಿ, 'ಇರಿಟೇಟ್' ಆಗುತ್ತದೆ.

ಈ ಚಟ ಅಂಟಿದ್ದು ಅವನು ಹಂಪಿಗೆ ಟ್ಯಾಕ್ಸಿ ಓಡಿಸುತ್ತಿದ್ದ ಕಾಲದಲ್ಲಿ. ಒಂದು ಸಂಜೆ ಒಬ್ಬ ವಿದೇಶಿ ಅಜ್ಜಿ ಹೇಮಕೂಟದ ಬಂಡೆಯ ಮೇಲೆ ಕೂತು, ಮುಳುಗುವ ಸೂರ್ಯನನ್ನು ನೋಡುತ್ತ ಅಳತೊಡಗಿದಳಂತೆ. ಮಾವನಿಗೆ ಗಾಬರಿ. ಪರ್ಸು ಹೋಯಿತೇ? ಮಂಗ ಕಚ್ಚಿತೇ? ಕೇಳಿದರೆ ಅಜ್ಜಿ ಕಣ್ಣೊರೆಸಿಕೊಂಡು "ಓವರ್‌ವೆಲ್ಮ್ಡ್" ಎಂದಳು. ಹೆಸರೇ ಇಷ್ಟು ದೊಡ್ಡದಿರುವ ರೋಗ ಇನ್ನೆಷ್ಟು ದೊಡ್ಡದಿರಬೇಕು! ಮಾವ ಅವಳನ್ನು ಕಾರಿಗೆ ಹತ್ತಿಸಿ ಸೀದಾ ಹೊಸಪೇಟೆಯ ಆಸ್ಪತ್ರೆಗೆ ತಂದು ಇಳಿಸಿದ. ಡಾಕ್ಟರು ನಕ್ಕು, "ಆಕಿಗೆ ಏನೂ ಆಗಿಲ್ಲಪಾ. ಚೆಂದ ಜಾಸ್ತಿ ಆಗಿ ಎದಿ ತುಂಬೇತಿ, ಅಷ್ಟ" ಎಂದರು. ಫೀಸು ಮಾತ್ರ ಮಾವನಿಂದಲೇ ತೆಗೆದುಕೊಂಡರು!

ಅವತ್ತಿನಿಂದ ಮಾವ ಪದ ಹಿಡಿಯುವ ಬೇಟೆಗಾರನಾದ. ಕಾರು ಹತ್ತಿದವರನ್ನೆಲ್ಲ ಹೇಗಿದ್ದೀರಿ ಎಂದು ಕೇಳುವುದು, 'ಫೈನ್' ಎಂದವರನ್ನು ಮಾತ್ರ ನಂಬದಿರುವುದು.

ಇಂಥವನು ನಮ್ಮೂರಲ್ಲಿ ಬದುಕುವುದು ಹೇಗೆ ಹೇಳಿ? ನಮ್ಮ ಕಡೆ ಮನಸ್ಸಿಗೆ ಏನೇ ಆದರೂ ಹೇಳುವುದು ಒಂದೇ: "ಯಾಕೋ ಒಂಥರಾ ಆಗೇತಿ." ಸಾವಿನ ಮನೆಗೆ ಹೋಗಿ ಬಂದರೂ ಒಂಥರಾ, ಮಗ ಪಾಸಾದರೂ ಒಂಥರಾ, ಮಿರ್ಚಿ ಜಾಸ್ತಿ ತಿಂದರೂ ಒಂಥರಾ! ಮಾವ ಇದನ್ನು ಕೇಳಿದೊಡನೆ ಅಡ್ಡಗಟ್ಟುತ್ತಾನೆ. "ಒಂಥರಾ ಅಂದ್ರ ಯಾವ ಥರ? ಬಿಡಿಸಿ ಹೇಳ್ರಿ."

ಒಮ್ಮೆ ನಮ್ಮ ಅತ್ತೆ, ಅಂದರೆ ಅವನ ಹೆಂಡತಿ, "ನನಗ ಭಾಳ ಬ್ಯಾಸರ ಆಗೇತಿ" ಎಂದಳು. ಮಾವ ಕುರ್ಚಿ ಎಳೆದುಕೊಂಡು ಎದುರು ಕೂತ.

"ಯಾವ ಬ್ಯಾಸರ? ಬೋರೋ, ಸ್ಯಾಡೋ, ಫೆಡಪ್ಪೋ?"

"ನಿನ್ನ ಮಾರಿ ನೋಡಿದ್ರ ಮೂರೂ!"

ನನ್ನ ವರ್ಕ್‌ಶಾಪಿಗೂ ಬಂದು ಕೂರುತ್ತಾನೆ. ಟ್ರೇಲರು ತಡವಾಯಿತೆಂದು ಕಂಪ್ಲಿಯ ಗಿರಾಕಿಯೊಬ್ಬ ಒಂದು ದಿನ ನನ್ನ ಮೇಲೆ ಹರಿಹಾಯ್ದ. ಮಾವ ಅವನ ಮುಖವನ್ನೇ ಓದಿ, "ಇದು ಸಿಟ್ಟಲ್ರಿ. ನೀವು ಡಿಸಪಾಯಿಂಟ್ ಆಗೀರಿ" ಎಂದ.

"ಎಲ್ಡೂ ಒಂದಽ ಅಲ್ಲೇನ್ರೀ?"

"ಹೆಂಗ ಒಂದಾಗ್ತಾವ? ಸಿಟ್ಟಾಗಿದ್ರ ನಾವು ಓಡಿ ಹೋಗಬೇಕು. ಡಿಸಪಾಯಿಂಟ್ ಆಗಿದ್ರ ಚಾ ಕುಡಿಸಬೇಕು. ಲೇ ಅಳಿಯಾ, ಚಾ ಹೇಳಲೇ!"

ಗಿರಾಕಿ ಚಹಾ ಕುಡಿದು, "ಖರೇ ಅಂದ್ರ ನಾ ಅದಽ ಆಗಿದ್ದೆ ನೋಡ್ರಿ" ಎಂದು ಒಪ್ಪಿಕೊಂಡು ಹೋದ! ನನಗೂ ಆಗ ಲೆಕ್ಕ ತಿಳಿಯಿತು. ವೆಲ್ಡಿಂಗ್ ಮಷೀನಿನಲ್ಲಿ ತೆಳು ತಗಡಿಗೆ ಒಂದು ಕರೆಂಟು, ದಪ್ಪ ಪಟ್ಟಿಗೆ ಒಂದು ಕರೆಂಟು ಇಡುತ್ತೇವಲ್ಲ, ಮನಸ್ಸಿಗೂ ಹಾಗೇ ತಿರುವುವ ಗುಬುಟು ಇದೆ. ನಾವು ಎಲ್ಲದಕ್ಕೂ ಒಂದೇ ಕರೆಂಟು ಇಟ್ಟು ತೂತು ಬೀಳಿಸುತ್ತೇವೆ.

ಆದರೆ ಮಾವ ನನ್ನ ಮನೆಯಲ್ಲೇ ಆ ಗುಬುಟು ತಿರುವುತ್ತಾನೆ ಎಂದು ಯಾರಿಗೆ ಗೊತ್ತಿತ್ತು?

ಕಳೆದ ವರ್ಷ ಸಂಡೂರು ತಾಲ್ಲೂಕಿನ ವಡ್ಡು ಊರಿಂದ ನನ್ನ ಮಗಳನ್ನು ನೋಡಲು ಬಂದರು. ಹುಡುಗ ಫ್ಯಾಕ್ಟರಿಯಲ್ಲಿ ಇಂಜಿನಿಯರ್. ಮರ್ಯಾದಸ್ಥ ಮನೆತನ. ನನಗೆ ಪೂರ್ತಿ ಮನಸ್ಸಿತ್ತು. ನಮ್ಮಲ್ಲಿ ಪದ್ಧತಿ ಸರಳ: ಹಿರಿಯರು "ಒಪ್ಪಿಗಿ ಏನವ್ವಾ?" ಎಂದು ಕೇಳುತ್ತಾರೆ, ಹುಡುಗಿ ತಲೆ ಬಗ್ಗಿಸಿ ಸುಮ್ಮನಿರುತ್ತಾಳೆ, ಸುಮ್ಮನಿದ್ದರೆ ಒಪ್ಪಿದಳೆಂದು ಅರ್ಥ, ಸಕ್ಕರೆ ಹಂಚುತ್ತೇವೆ. ಕೇಳಿದರು. ಮಗಳು ತಲೆ ಬಗ್ಗಿಸಿದಳು. ನಾನು ಸಕ್ಕರೆ ತಟ್ಟೆ ಹಿಡಿದು ಎದ್ದೆ.

"ಕುಂದ್ರಲೇ ಅಳಿಯಾ!" ಎಂದ ಮಾವ. "ಸುಮ್ಮನಿರೋದ್ರಾಗ ಹತ್ತು ಥರ ಅದಾವ. ಇದು ಯಾವ್ದು ಕೇಳಬ್ಯಾಡೇನು?"

ನಾನು ತಟ್ಟೆ ಹಿಡಿದೇ ಕೂತೆ. ಮಾವ ಮೊಮ್ಮಗಳತ್ತ ತಿರುಗಿದ. "ಶೈ?" ಮಗಳು ತಲೆಯಾಡಿಸಿದಳು, ಅಲ್ಲ. "ನರ್ವಸ್?" ಅಲ್ಲ. "ಕನ್‌ಫ್ಯೂಸ್ಡ್?" ಅದೂ ಅಲ್ಲ. ಆಮೇಲೆ ತಲೆಯೆತ್ತಿ, ನನ್ನನ್ನೇ ನೋಡುತ್ತ, "ರಿಲಕ್ಟಂಟ್, ತಾತ" ಎಂದಳು.

ಹುಡುಗನ ಅಪ್ಪ ಮೀಸೆ ಮೇಲೆ ಕೈಯಿಟ್ಟು, "ಹಂಗಂದ್ರೇನ್ರೀ?" ಎಂದರು.

"ಕಾಲು ಮುಂದ ಇಟ್ಟಾಳ, ಮನಸ್ಸು ಹಿಂದ ಉಳದೈತಿ ಅಂತ್ರಿ."

ಅಷ್ಟರಲ್ಲಿ ಸೋಫಾದ ಮೂಲೆಯಿಂದ ದೊಡ್ಡದೊಂದು ಉಸಿರು. ಹುಡುಗನದು! "ನಾನು ರಿಲೀವ್ಡ್ ರೀ!" ಎಂದುಬಿಟ್ಟ. "ನನಗೂ ಈಗ ಮದುವಿ ಬ್ಯಾಡಾಗಿತ್ತು. ಅಪ್ಪಗ ಹೇಳಿದ್ದೆ."

"ಯಾವಾಗ ಹೇಳಿದ್ದಿಲೇ?" ಅಪ್ಪ ಗುಡುಗಿದರು.

"ನೀ ಕೇಳಿದಾಗ ಸುಮ್ಮನಿದ್ನಲ್ಲಪ್ಪಾ!"

ಮೊದಲು ನಕ್ಕವರು ಹುಡುಗನ ತಾಯಿ. ಆಮೇಲೆ ಎಲ್ಲರೂ. ಮಾವ ಬಿಡಬೇಕಲ್ಲ! ಬೀಗರಾಗದೆ ತಪ್ಪಿಸಿಕೊಂಡ ಆ ಯಜಮಾನರನ್ನೇ ಹಿಡಿದ. "ಈಗ ನಿಮಗ ಏನನ್ನಿಸ್ತೈತಿ? ಇನ್ಸಲ್ಟೆಡ್ಡೋ, ಶಾಕೋ?"

"ನನಗ ಹಸಿವ್ರೀ!"

ಎಲೆ ಹಾಕಿದೆವು. ಹೋಳಿಗೆ ಬಡಿಸಿದೆವು. ಒಂದು ಮದುವೆ ತಪ್ಪಿದ್ದಕ್ಕೆ ಎರಡು ಮನೆತನ ಕೂಡಿ ಇಷ್ಟು ಖುಷಿಯಿಂದ ಉಂಡದ್ದನ್ನು ನಾನೆಲ್ಲೂ ಕಂಡಿಲ್ಲ.

ಮಾರನೆಯ ದಿನ ಮಗಳು ಬುತ್ತಿ ತೆಗೆದುಕೊಂಡು ವರ್ಕ್‌ಶಾಪಿಗೆ ಬಂದಳು. ಅರ್ಧ ಕಟ್ಟಿದ ಟ್ರೇಲರಿನ ಅಂಚಿಗೆ ಕೂತು, "ಅಪ್ಪಾ, ಸಿಟ್ಟಾಗೀಯೇನು?" ಎಂದಳು.

ನಾನು ವೆಲ್ಡಿಂಗ್ ಮಾಸ್ಕನ್ನು ಮುಖದ ಮೇಲೆ ಇಳಿಸಿಕೊಂಡೆ. ಅದರ ಹಿಂದೆ ಮಾತಾಡುವುದು ಸುಲಭ.

"ಸಿಟ್ಟಲ್ಲವ್ವ. ಹೆದರಿಕಿ ಆಗೇತಿ. ಇನ್ನೊಂದೀಟು ಹೊತ್ತು ನೀ ಸುಮ್ಮನಿದ್ದಿದ್ರ ನಾ ಸಕ್ಕರಿ ಹಂಚಿಬಿಡ್ತಿದ್ದೆ."

ಅವಳು ಎದ್ದು ಬಂದು ನನ್ನ ಮಾಸ್ಕನ್ನು ಮೇಲೆತ್ತಿದಳು. ಮಷೀನು ಬಂದ್ ಆಗಿತ್ತು, ಕಣ್ಣಲ್ಲಿ ನೀರು ಬರಲು ನೆಪವೇ ಇರಲಿಲ್ಲ. ಏನೂ ಕೇಳದೆ ಸೆರಗಿನಿಂದ ಒರೆಸಿ, ಬುತ್ತಿ ಬಿಚ್ಚಿದಳು.

ಈಗ ನನ್ನ ಬಳಿ ಇರುವುದು ಇಷ್ಟು: ಒಂದು ವರ್ಕ್‌ಶಾಪು, ಎರಡು ವೆಲ್ಡಿಂಗ್ ಮಷೀನು, ಒಬ್ಬಳು ಹೆಂಡತಿ, ಒಬ್ಬ ಮಾವ, ಬೇಡವಾದದ್ದನ್ನು ಬೇಡ ಎನ್ನಬಲ್ಲ ಒಬ್ಬಳು ಮಗಳು.