ಬಾಗಿಲು, ಪಾಟಿ, ಕುರ್ಚಿ

ಹದಿನೈದೇ ದಿನದಲ್ಲಿ ಮಗಳನ್ನು ತಯಾರು ಮಾಡಿಬಿಡುತ್ತೇನೆ ಎಂದು ಹೆಂಡತಿ ಶೈಲಾಳಿಗೆ ಲಿಖಿತವಾಗಿ ಕೊಡಲೂ ನಾನು ಸಿದ್ಧನಿದ್ದೆ.

ಐದು ವರ್ಷದ ಸುಮಾಳಿಗೆ ಆಟಿಸಂ. ಮೂರು ಕೆಲಸ ಒಟ್ಟಿಗೆ ಹೇಳಿದರೆ ಸುಮ್ಮನೆ ನಿಂತುಬಿಡುತ್ತಿದ್ದಳು. ಕೇಳಿದ್ದನ್ನು ಕೆಲಸ ಮುಗಿಯುವವರೆಗೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದು ಆಕೆಗೆ ಕಷ್ಟ, ಒಂದೊಂದೇ ಹೇಳಿ ಎಂದು ಧಾರವಾಡದ ಡಾಕ್ಟರು ತಿಳಿಸಿದ್ದರು. ನಾನು ಬೈಲಹೊಂಗಲದ ಪತ್ರಿಕಾ ವರದಿಗಾರ. ಅವರ ಹೇಳಿಕೆಯನ್ನು ಬರೆದುಕೊಂಡೆ. ಪಾಲಿಸಲಿಲ್ಲ.

ಕಾರಣವಿತ್ತು. ಸಾಲೆಯ ಮುಖ್ಯೋಪಾಧ್ಯಾಯಿನಿ, ದೊಡ್ಡ ಬಾಯಾರು, "ಮೂರು ಕೆಲಸ ಒಮ್ಮೆಲೇ ಹೇಳತೇನಿ. ಮಾಡಿದ್ರ ಸೀಟು," ಎಂದಿದ್ದರು.

ಮನೆಯಲ್ಲೇ ತರಬೇತಿ ಶಿಬಿರ ಉದ್ಘಾಟಿಸಿದೆ. "ಬಾಗಿಲಾ ಹಾಕು, ಪಾಟಿ ತಾ, ಕುರ್ಚಿ ಮ್ಯಾಲ ಕೂಡು!" ಬೆಳಿಗ್ಗೆ ಸಂಜೆ ಅದೇ ಬಾಗಿಲು, ಅದೇ ಸ್ಲೇಟು, ಅದೇ ಕುರ್ಚಿ.

"ಡಾಕ್ಟರು ಹೇಳಿದ್ದೇನು, ನೀವು ಮಾಡಾಕ್ಹತ್ತಿದ್ದೇನ್ರೀ?" ಎಂದಳು ಶೈಲಾ.

"ನೋಡ್ತಿರು!"

ಹದಿನಾಲ್ಕನೇ ದಿನ ಸುಮಾ ಮೂರನ್ನೂ ಮಾಡಿದಳು. ಚಿಲಕ ಸಮೇತ!

ಪರೀಕ್ಷೆಯ ದಿನ ಶೈಲಾ ವರಾಂಡದಲ್ಲಿ ಕುಳಿತಳು. ಸುಮಾ ಮತ್ತು ನಾನು ಬಾಯಾರ ಕೋಣೆಗೆ ಹೋದೆವು. ಬಾಯಾರು ಜವಾನನನ್ನು ಕರೆಯಲೆಂದು ಹೊರಗೆ ಎದ್ದುಹೋದರು. ಕೊನೆಯದೊಂದು ತಾಲೀಮು ಇರಲಿ ಎಂದು ಮಗಳ ಕಿವಿಯಲ್ಲಿ ಉಸುರಿದೆ: "ಬಾಗಿಲಾ..."

ಅಷ್ಟೇ. ಬಾಗಿಲು ದಢ್ ಎಂದಿತು. ಚಿಲಕ ಬಿತ್ತು. ಅಲ್ಲಿ ಪಾಟಿ ಇರಲಿಲ್ಲ. ಹಾಜರಿ ಪುಸ್ತಕ ಎತ್ತಿಕೊಂಡಳು. ಹತ್ತಿರದ ಕುರ್ಚಿ ಬಾಯಾರದು. ಕುಳಿತಳು!



"ಯಾಕ್ರೀ, ಏನ ನಡದೈತಿ ಒಳಗ?" ಹೊರಗೆ ಬಾಯಾರು ಬಾಗಿಲು ಬಡಿಯತೊಡಗಿದರು.

"ಸುಮಾ, ಏಳು, ಪುಸ್ತಕ ಇಡು, ಚಿಲಕ ತಗಿ!" ಒಂದೇ ಉಸಿರಿಗೆ ಕೂಗಿದೆ. ಸುಮಾ ಎರಡೂ ಕಿವಿ ಮುಚ್ಚಿಕೊಂಡಳು. ಇನ್ನೂ ಜೋರಾಗಿ ಕೂಗಿದೆ. ಕಣ್ಣೂ ಮುಚ್ಚಿದಳು.

ಕಿಟಕಿಯಲ್ಲಿ ಶೈಲಾಳ ಮುಖ ಕಂಡಿತು. ಪಕ್ಕದಲ್ಲೇ ಬಾಯಾರದು.

ಶೈಲಾ ನನ್ನನ್ನು ಗದರಿದಳು: "ನೀವು ಸುಮ್ಮನಿರ್ರಿ! ಎಸ್‌ಟಿಡಿ ಬೂತಿನಿಂದ ಪೇಪರ್ ಆಫೀಸಿಗೆ ಸುದ್ದಿ ಹೇಳೂಮುಂದ ಒಂದೊಂದ ಸಾಲು ಹೇಳ್ತೀರಿ. ಅವರು ಹೂಂ ಅಂದಮ್ಯಾಲೆ ಮುಂದಿಂದು. ಕೂಸಿಗೆ ಪೂರಾ ಪೇಪರ ಒಮ್ಮೆಲೇ ಓದ್ತೀರಲ್ಲ!"

ಆಮೇಲೆ ಮೆಲ್ಲಗೆ, "ಸುಮಾ, ಏಳವಾ."

ಎದ್ದಳು.

"ಪುಸ್ತಕ ಇಡು."

ಇಟ್ಟಳು.

"ಚಿಲಕ ತಗಿ."

ತೆಗೆದಳು.

ಬಾಯಾರು ಒಳಗೆ ಬಂದು ತಮ್ಮ ಕುರ್ಚಿಯಲ್ಲಿ ಕುಳಿತರು. ಸೀಟು ಹೋಯಿತೆಂದೇ ತಿಳಿದೆ.

"ಒಂದೊಂದ ಹೇಳಿದ್ರ ಛಲೋ ಮಾಡ್ತಾಳ್ರೀ. ನಾವೂ ಹಂಗ ಹೇಳ್ತೇವಿ. ಸೋಮವಾರದಿಂದ ಕಳಸ್ರಿ," ಎಂದರು.

ಶೈಲಾ ಕಣ್ಣೊರೆಸಿಕೊಂಡಳು. ನಾನು ಕೈ ಮುಗಿದೆ. ಬಾಯಾರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು.

"ಅಲ್ರೀ, ನೀವೂ ಒಳಗ ಇದ್ರಿ. ಚಿಲಕ ನೀವ ಯಾಕ ತಗೀಲಿಲ್ಲ?"

ವರದಿಗಾರರು ಪ್ರತಿಕ್ರಿಯೆಗೆ ಲಭ್ಯರಾಗಲಿಲ್ಲ!