ಆರು ಐವತ್ತೆಂಟರ ಸೂರ್ಯ

೨೦೨೫ನೆಯ ಇಸವಿ ಜುಲೈ ೨೮, ಸೋಮವಾರ. ತುಳುನಾಡಿನ ಜಡಿಮಳೆಯ ಆಟಿ ತಿಂಗಳು. ಮೂಡುಬಿದಿರೆಯಲ್ಲಿ ಬೆಳಗಿನ ಜಾವದಿಂದ ಎಡೆಬಿಡದ ಮಳೆ. ಆಕಾಶವು ಒದ್ದೆ ಕಂಬಳಿಯಂತೆ ಮಾಡಿನ ಮೇಲೆಯೇ ಇಳಿದು ಕುಳಿತಿತ್ತು. (ಸೂರ್ಯನನ್ನು ನಾನು ಕಡೆಯದಾಗಿ ಕಂಡದ್ದು ಅದೇ ತಿಂಗಳ ಹನ್ನೊಂದರಂದು, ಅದೂ ಅರ್ಧ.) ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದಾಗ ನನ್ನ ಫೋನು ಒಮ್ಮೆ ನಡುಗಿ, ತನಗಾಗಿ ಹೊಸ ಆವೃತ್ತಿಯೊಂದು ಸಿದ್ಧವಾಗಿದೆಯೆಂದೂ, ಅದರಿಂದ ತಾನು ಹೆಚ್ಚು ಸುಂದರವೂ ಹೆಚ್ಚು ಬುದ್ಧಿವಂತವೂ ಆಗಲಿರುವೆನೆಂದೂ, ನನ್ನ ಒಪ್ಪಿಗೆಯೊಂದೇ ಬಾಕಿಯೆಂದೂ ನಿವೇದಿಸಿಕೊಂಡಿತು.

ನಾನು ಒಪ್ಪಲಿಲ್ಲ. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿದವನು ನಾನು. ಸುಧಾರಣೆ ಮಾಡುತ್ತೇವೆಂದು ಹೊರಟ ಎಷ್ಟು ಸಾಮ್ರಾಜ್ಯಗಳು ಎಲ್ಲಿಗೆ ಹೋಗಿ ತಲುಪಿದವು ಎಂಬುದನ್ನು ತಾರೀಕು ಸಮೇತ ಬಲ್ಲೆ.

ನನ್ನ ನಿರಾಕರಣೆಗೆ ಇನ್ನೊಂದು ಘನವಾದ ಕಾರಣವಿತ್ತು. ನಾವು ಜೈನರು. ಚಾತುರ್ಮಾಸ್ಯದ ನಾಲ್ಕು ತಿಂಗಳು ಹೊತ್ತು ಮುಳುಗಿದ ಮೇಲೆ ಅನ್ನವನ್ನಾಗಲಿ ನೀರನ್ನಾಗಲಿ ಬಾಯಿಗೆ ಹಾಕುವುದಿಲ್ಲವೆಂಬ ನಿಯಮವನ್ನು ೨೦೦೩ರಲ್ಲಿ ಬಸದಿಯಲ್ಲಿ ದೇವರೆದುರು ಕೈಗೊಂಡಿದ್ದೆ. ಇಪ್ಪತ್ತೆರಡು ಮಳೆಗಾಲಗಳಲ್ಲಿ ಒಂದು ಸಂಜೆಯೂ ಅದು ತಪ್ಪಿದ್ದಿಲ್ಲ. ಆದರೆ ಆ ಇಪ್ಪತ್ತೆರಡು ಮಳೆಗಾಲಗಳಲ್ಲಿ ನನ್ನ ಧರ್ಮಪತ್ನಿ ಅನಂತಮತಿಯು ಮೋಡಕ್ಕೆ ಹೆದರಿ ಸಂಜೆ ಆರಕ್ಕೇ ಊಟ ಬಡಿಸುತ್ತಿದ್ದಳು. ರಾತ್ರಿ ಒಂಬತ್ತಾಗುವಾಗ ನನ್ನ ಹೊಟ್ಟೆಯು ಪೂರ್ವಜನ್ಮದ ಸಂಗತಿಗಳನ್ನು ಮಾತನಾಡತೊಡಗುತ್ತಿತ್ತು.

ಈ ದುಃಸ್ಥಿತಿಯಿಂದ ನನ್ನನ್ನು ಉದ್ಧರಿಸಿದ್ದೇ ಈ ಫೋನು. ಜೂನ್ ೫ರಂದು ಪೇಟೆಯ ಅನ್ಸಾಫನ ಅಂಗಡಿಯಲ್ಲಿ ಒಂದೇ ಅಚ್ಚಿನ ಎರಡು ಫೋನುಗಳನ್ನು, ನನಗೊಂದು ಅವಳಿಗೊಂದು, ಕೊಂಡಿದ್ದೆವು. ಅದರ ಮುಖದ ಮೇಲೆಯೇ ಹವಾಮಾನದ ಒಂದು ಪುಟ್ಟ ಚೌಕ. ಅದರೊಳಗೆ ಸೂರ್ಯಾಸ್ತದ ಸಮಯ. ಅದನ್ನು ನೋಡಿದಾಗ ನನಗಾದ ಜ್ಞಾನೋದಯವನ್ನು ವರ್ಣಿಸಲಾರೆ. ಸೂರ್ಯನು ಮುಳುಗುವುದು ಸುಮಾರು ಏಳಕ್ಕೆ! ಅಂದರೆ ನನ್ನ ಹೆಂಡತಿಯು ಪ್ರತಿ ಸಂಜೆ ನನ್ನ ಊಟದ ಹಕ್ಕಿನಿಂದ ಒಂದು ಗಂಟೆಯನ್ನು ಕಸಿದುಕೊಳ್ಳುತ್ತಿದ್ದಳು. ಜುಲೈಯಲ್ಲಿ ಚಾತುರ್ಮಾಸ್ಯ ಶುರುವಾದಂದಿನಿಂದ ಹೊಸ ಕ್ರಮವನ್ನು ಜಾರಿಗೆ ತಂದೆ: ಆರು ಇಪ್ಪತ್ತೈದಕ್ಕೆ ಬಾಳೆಲೆ, ಆರು ಐವತ್ತಕ್ಕೆ ಕಡೆಯ ಲೋಟ ನೀರು, ಸೂರ್ಯನ ಗೌರವಾರ್ಥವಾಗಿ ಎಂಟು ನಿಮಿಷ ಬಿಡುವು. ಜೂನ್, ಜುಲೈಗಳಲ್ಲಿ ಆ ಚೌಕದ ಅಂಕೆ ಹೆಚ್ಚೇನೂ ಅಲುಗಾಡಲಿಲ್ಲ. ರಾತ್ರಿ ಸುಖನಿದ್ರೆ.

ಇಂಥ ಫೋನನ್ನು ಸುಧಾರಿಸಲು ಬಿಡುವುದುಂಟೆ?

ಅನಂತಮತಿಗೂ ಅದೇ ನಿವೇದನೆ ಬಂದಿತ್ತು. ಎಚ್ಚರಿಸೋಣವೆಂದು ಒಳಗೆ ಹೋದೆ.

"ನಿನಗೂ ಬಂತಾ ಅದು? ಒತ್ತಬೇಡ. ಮೊದಲು ಓದುವ, ವಿಚಾರ ಮಾಡುವ."

"ಒತ್ತಿ ಆಯ್ತು" ಎಂದಳು, ತೊಂಡೆಕಾಯಿ ಹೆಚ್ಚುತ್ತ.

"ಓದದೆ ಒಪ್ಪಿಗೆ ಕೊಟ್ಟಿಯಾ?"

"ನಿಮ್ಮನ್ನು ಮದುವೆ ಆಗುವಾಗ ಎಂತ ಓದಿದ್ದೆ ನಾನು? ಹಾಗೇ ಇದೂ."

ಅರ್ಧ ಗಂಟೆ ಅವಳ ಫೋನು ಕಪ್ಪಾಗಿ ಧ್ಯಾನಸ್ಥವಾಗಿದ್ದು, ಮತ್ತೆ ಕಣ್ಣು ತೆರೆದಾಗ ಗುರುತು ಹಿಡಿಯಲಾಗಲಿಲ್ಲ. ಅಕ್ಷರಗಳು ಹಲಸಿನ ಬೇಳೆಯಷ್ಟು ದಪ್ಪ, ಚೌಕವಾಗಿದ್ದವೆಲ್ಲ ಗುಂಡಗೆ, ಬಣ್ಣಗಳೋ ನಾಟಕದ ಪರದೆಯವು. ಅವಳು ಕನ್ನಡಕವಿಲ್ಲದೆ ತಂಗಿಯ ಸಂದೇಶವೊಂದನ್ನು ಗಟ್ಟಿಯಾಗಿ ಓದಿ, ಜಗತ್ತನ್ನೇ ಗೆದ್ದವಳಂತೆ ನನ್ನತ್ತ ನೋಡಿದಳು. ನಾನು ಜಗಲಿಗೆ ಬಂದು, ಆವೃತ್ತಿಯು ರಾತ್ರಿ ಕಳ್ಳನಂತೆ ತಾನಾಗಿ ನುಗ್ಗದಿರಲೆಂದು ನನ್ನ ಫೋನಿನ ಇಂಟರ್‌ನೆಟ್ಟನ್ನು ಶಾಶ್ವತವಾಗಿ ಬಂದ್ ಮಾಡಿದೆ. ಆಗ ಚೌಕದೊಳಗೆ ಇದ್ದ ಅಂಕೆ: ಸೂರ್ಯಾಸ್ತ ೬.೫೮.

ಆ ವಾರ ನಮ್ಮ ಬೀದಿಯು ಎರಡು ಬಣವಾಯಿತು. ಪಕ್ಕದ ಮನೆಯ ರುಕ್ಮಯ್ಯ, ಬಂಟ್ವಾಳದ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು, ಕೊಡೆ ಮಡಚುವ ಮೊದಲೇ ದೂರು ಬಿಚ್ಚಿದರು.

"ಮಾಸ್ಟ್ರೆ, ಫೋನ್ ತೆಗೆಯುವ ಗುಂಡಿಯನ್ನೇ ಬದಲಿಸಿದ್ದಾರೆ ಮಾರಾಯ್ರೆ. ಮೊದಲು ಒತ್ತಿದ್ರೆ ಆಗ್ತಿತ್ತು, ಈಗ ಎಳೀಬೇಕಂತೆ. ಮೆಲ್ಕಾರಿನಿಂದ ಅಳಿಯ ನಾಲ್ಕು ಸಲ ಮಾಡಿದ, ನಾಲ್ಕು ಸಲವೂ ಕಟ್ ಮಾಡಿ ಬಿಟ್ಟೆ. ಕಡೆಗೆ ಮಾವನಿಗೆ ಎಂತ ಸಿಟ್ಟು ಅಂತ ಕೇಳ್ಲಿಕ್ಕೆ ಅವನೇ ಮನೆಗೆ ಬಂದ."

"ನಾನು ಒಪ್ಪಿಗೆಯನ್ನೇ ಕೊಡಲಿಲ್ಲ" ಎಂದೆ.

"ನಾನೆಲ್ಲಿ ಕೊಟ್ಟೆ? ಕಿಸೆಯಲ್ಲಿ ಇತ್ತು. ಕಿಸೆಯೇ ಕೊಟ್ಟದ್ದು."

ಲಾಯಿಲದಿಂದ ಬಂದ ನನ್ನ ಭಾವಮೈದ ಶಶಿರಾಜನು ಮಾತ್ರ ಆವೃತ್ತಿಯ ಆಸ್ಥಾನಕವಿಯಾಗಿದ್ದ. ಫೋಟೋ ಎಷ್ಟು ಚಂದ, ಅಕ್ಷರ ಎಷ್ಟು ಚಂದ ಎಂದು ಹೊಗಳುತ್ತಿದ್ದಂತೆಯೇ ಅವನ ಫೋನು ಆರಿಹೋಯಿತು.

"ಬ್ಯಾಟರಿ ಸ್ವಲ್ಪ ಬೇಗ ಮುಗೀತದೆ, ಭಾವ. ಈಗ ಅದು ನನ್ನ ಹಾಗೆಯೇ. ಮಧ್ಯಾಹ್ನದ ಊಟ ಆದ ಕೂಡ್ಲೆ ಮಲಗ್ತದೆ."

ಅನ್ಸಾಫನನ್ನು ಕೇಳಿದರೆ, "ನಮ್ಮ ಕೈಯಲ್ಲಿ ಎಂತ ಉಂಟು ಮಾಸ್ಟ್ರೆ? ಬೈಯುವವರೂ ನಮ್ಮಲ್ಲಿಗೇ ಬರ್ತಾರೆ, ಹೊಗಳುವವರೂ ನಮ್ಮಲ್ಲಿಗೇ ಬರ್ತಾರೆ. ಇಬ್ಬರಿಗೂ ಹೊಸ ಕವರ್ ಮಾರ್ತೇನೆ" ಎಂದ.

ಆಗಸ್ಟ್ ೧೪ರ ಸಂಜೆ, ಮಳೆಯ ಸದ್ದಿನ ನಡುವೆ ನಾನು ಎಲೆಯ ಮುಂದೆ ಕುಳಿತಿದ್ದಾಗ, ಅನಂತಮತಿ ತನ್ನ ಫೋನನ್ನು ನನ್ನ ಮೂಗಿನ ಬಳಿ ಹಿಡಿದಳು.

"ನನ್ನದರಲ್ಲಿ ಆರು ಐವತ್ತೊಂದು ಅಂತ ಉಂಟು, ಮುಳುಗುವುದು."

ನನ್ನದನ್ನು ನೋಡಿದೆ. ಆರು ಐವತ್ತೆಂಟು, ಬಂಡೆಗಲ್ಲಿನಂತೆ.

"ನೋಡಿದೆಯಾ ಸುಧಾರಣೆಯನ್ನು? ಏಳು ನಿಮಿಷ ನುಂಗಿ ಹಾಕಿದೆ. ಮೊನ್ನೆ ಎಷ್ಟಿತ್ತು ನಿನ್ನದರಲ್ಲಿ?"

"ಐವತ್ತೆರಡು."

"ಅದರ ಹಿಂದಿನ ವಾರ?"

"ಐವತ್ತೈದೋ ಎಂತದೋ."

"ದಿನಕ್ಕೊಂದು ಮಾತು. ನನ್ನದು ನೋಡು, ಅಂದು ಹೇಳಿದ್ದನ್ನೇ ಇಂದೂ ಹೇಳುತ್ತದೆ. ಶೀಲ ಅಂದರೆ ಇದು."

"ಹೊತ್ತು ಮುಳುಗುವ ಸಮಯ ಬದಲಾಗ್ತದೆ ಅಲ್ವಾ? ಶಾಲೆಯಲ್ಲಿ ನೀವೇ ಕಲಿಸಿರ್ಬೇಕಲ್ಲ."

"ನಾನು ಕಲಿಸಿದ್ದು ಇತಿಹಾಸ. ಭೂಗೋಳ ಕುಶಾಲಪ್ಪ ಮಾಸ್ಟ್ರದ್ದು" ಎಂದು ಇನ್ನೊಂದು ಸೌಟು ಹೆಸರುಕಾಳಿನ ಗಸಿ ಬಡಿಸಿಕೊಂಡೆ. (ಬದಲಾಗುತ್ತದೆಂಬುದು ನನಗೂ ಗೊತ್ತಿತ್ತು. ಆದರೆ ಅದು ಚಳಿಗಾಲದ ವಿಷಯವೆಂದೂ, ಮಳೆಗಾಲದಲ್ಲಿ ಯಾರೂ ನೋಡದಿರುವಾಗ ಸೂರ್ಯನು ಸುಮ್ಮನೆ ಇರುತ್ತಾನೆಂದೂ ಹಸಿದ ಹೊಟ್ಟೆಯು ನನ್ನನ್ನು ನಂಬಿಸಿತ್ತು.)

ಮನಸ್ಸಿನಲ್ಲಿ ಅಳುಕು ಇರಲಿಲ್ಲವೆಂದಲ್ಲ. ಆಗಸ್ಟ್ ಮುಗಿಯುವ ಹೊತ್ತಿಗೆ, ನಾನಿನ್ನೂ ಸಾರಿನ ಅನ್ನದಲ್ಲಿರುವಾಗಲೇ ಹೊತ್ತು ಮುಳುಗುವಾಗ ಬಾರಿಸುವ ಬಸದಿಯ ಘಂಟೆ ಕೇಳಿಸತೊಡಗಿತು. ಮೊದಲು ಅದು ನಾನು ಉಂಡು ಕೈತೊಳೆದ ಮೇಲೆ ಕೇಳುತ್ತಿತ್ತು. ಎರಡು ದಿನ ಆಲೋಚಿಸಿ ಕಾರಣವನ್ನು ಕಂಡುಹಿಡಿದೆ: ಬಸದಿಯಲ್ಲಿ ಪೂಜೆ ಮಾಡುವ ಇಂದ್ರರೂ ತಮ್ಮ ಫೋನನ್ನು ಅಪ್‌ಡೇಟ್ ಮಾಡಿಸಿಕೊಂಡಿದ್ದಾರೆ. ಸೆಪ್ಟೆಂಬರ್ ೧, ಸೋಮವಾರದಂದು, ಪೂಜಾಕಾಲವು ಯಂತ್ರಗಳ ಚಾಪಲ್ಯಕ್ಕೆ ಒಳಗಾಗಬಾರದೆಂದು ವಿನಮ್ರವಾಗಿ ಬರೆದು, ಸಹಿ ಹಾಕಿ, ಅವರ ಕೈಗೇ ಕೊಟ್ಟು ಬಂದೆ. ಇಂದ್ರರು ಓದಿ, ಮಡಚಿ, "ಆಯ್ತು ಮಾಸ್ಟ್ರೆ, ನೋಡುವ" ಎಂದರು. ಅವರು ಆಕಾಶ ನೋಡಿದರೋ, ಫೋನು ನೋಡಿದರೋ ತಿಳಿಯದು. ಘಂಟೆ ಮಾತ್ರ ದಿನದಿಂದ ದಿನಕ್ಕೆ ಬೇಗ ಬೇಗ ಬಾರಿಸುತ್ತ ಬಂತು.

ಅನಂತಮತಿ ಈಗ ವಾದ ಮಾಡುತ್ತಿರಲಿಲ್ಲ. ಆರಕ್ಕೆ ತನ್ನ ಊಟ ಮುಗಿಸಿ, ನನ್ನೆದುರು ಕೈಕಟ್ಟಿ ಕುಳಿತಿರುತ್ತಿದ್ದಳು.

"ಇಪ್ಪತ್ತೆರಡು ವರ್ಷದ್ದು" ಎಂದಳೊಮ್ಮೆ, ಮೆಲ್ಲಗೆ. "ಅರ್ಧ ಗಂಟೆಯ ಹಸಿವೆಗೆ ಕಳಕೊಳ್ಬೇಡಿ."

ನಾನು ಫೋನನ್ನು ತೋರಿಸಿದೆ. ಅವಳು ತನ್ನ ತಮ್ಮ ಶಶಿರಾಜನಿಗೆ ಫೋನು ಮಾಡಿ ಬರಹೇಳಿದಳು.

ಸೆಪ್ಟೆಂಬರ್ ೧೩, ಶನಿವಾರ. ಮಧ್ಯಾಹ್ನದ ಮೇಲೆ ಮಳೆ ನಿಂತಿತು. ನಾಲ್ಕಕ್ಕೆ ಮೋಡ ಒಡೆಯಿತು. ಐದಕ್ಕೆ ಆಕಾಶವು ತೊಳೆದಿಟ್ಟ ತಟ್ಟೆಯಂತಾಯಿತು. ಶಶಿರಾಜ ಲಾಯಿಲದಿಂದ ಬಂದಿಳಿದ. ನಮ್ಮ ಜಗಲಿ ಪಶ್ಚಿಮಕ್ಕೆ ಮುಖ; ಎದುರಿಗೆ ಗದ್ದೆ, ಗದ್ದೆಯಾಚೆ ಬಟ್ಟಬಯಲು. ಸೂರ್ಯನನ್ನೇ ಸಾಕ್ಷಿಗೆ ಕರೆಯಲು ಇಂಥ ಸಂಜೆ ಇನ್ನೊಂದು ಸಿಗದೆಂದು ನಾನೇ ಪ್ರಕಟಿಸಿದೆ. ಪಕ್ಕದ ಮನೆಯ ರುಕ್ಮಯ್ಯರನ್ನೂ ಕರೆಸಿದೆ. ಬಾಳೆಲೆಯನ್ನು ಒಳಗಿನಿಂದ ಜಗಲಿಗೆ ವರ್ಗಾಯಿಸಿ, ಪಕ್ಕದಲ್ಲಿ ಎರಡೂ ಫೋನುಗಳನ್ನು ಇರಿಸಿದೆ. ನನ್ನದು ೬.೫೮. ಅವಳದು ೬.೩೩.

"ನೀವಿಬ್ಬರೂ ಹೆದರಿ ಬೇಗ ಉಂಡಿರಿ. ನಾನು ನಿಧಾನವಾಗಿ ಉಣ್ಣುತ್ತೇನೆ" ಎಂದೆ, ಅಕ್ಕತಮ್ಮಂದಿರನ್ನು ನೋಡಿ.

ಆರು ಇಪ್ಪತ್ತೈದಕ್ಕೆ ಕುಳಿತೆ. ಆ ದಿನ ಅನಂತಮತಿ ಹಾಲ್ಬಾಯಿ ಮಾಡಿದ್ದಳು. ಅಕ್ಕಿ, ತೆಂಗಿನಹಾಲು, ಬೆಲ್ಲದ ಆ ಮೆತ್ತನೆಯ ತುಂಡುಗಳು ಎಲೆಯ ಮೂಲೆಯಲ್ಲಿ ನಡುಗುತ್ತಿದ್ದವು. ಕಡೆಗೆಂದು ಉಳಿಸಿಕೊಂಡು ಅನ್ನಕ್ಕೆ ಕೈಹಾಕಿದೆ. ಸೂರ್ಯನು ಕೆಂಪಗೆ, ದುಂಡಗೆ, ಬಯಲಂಚಿನ ಮೇಲೆ ಎರಡು ಬೆರಳಿನಷ್ಟು ಎತ್ತರದಲ್ಲಿದ್ದ. ಎರಡು ತುತ್ತು ಉಂಡು ನೋಡಿದೆ; ಒಂದು ಬೆರಳು. ಇನ್ನೆರಡು ತುತ್ತು, ಅರ್ಧ ಬೆರಳು. ಉದ್ಯೋಗಕ್ಕೆ ತಡವಾದವನಂತೆ ಇಳಿಯುತ್ತಿದ್ದ.

"ಭಾವ, ಇವನಿಗೆ ಇಷ್ಟು ಅವಸರ ಎಂತದ್ದು?" ಎಂದ ಶಶಿರಾಜ.

ಸಾರು, ಮಜ್ಜಿಗೆಗಳನ್ನೆಲ್ಲ ಬಿಟ್ಟು ನೇರವಾಗಿ ಹಾಲ್ಬಾಯಿಯ ದೊಡ್ಡ ತುಂಡನ್ನೇ ಬಾಯಿಗೆ ಹಾಕಿಕೊಂಡೆ. ಅದೇ ಕ್ಷಣಕ್ಕೆ ಬಸದಿಯ ಘಂಟೆ ಬಾರಿಸಿತು. ಅದೇ ಕ್ಷಣಕ್ಕೆ ಸೂರ್ಯನ ಕಡೆಯ ಕೆಂಪು ಗೆರೆಯು ಬಯಲಿನ ಹಿಂದೆ ಜಾರಿತು.

ಅನಂತಮತಿ ಫೋನಿನ ಕಡೆ ನೋಡಲೂ ಇಲ್ಲ.

"ಈಗ ಗಂಟೆ ಎಷ್ಟು?" ಎಂದಳು.

ನನ್ನ ಬಾಯಲ್ಲಿ ಹಾಲ್ಬಾಯಿ. ನುಂಗಿದರೆ ಇಪ್ಪತ್ತಮೂರನೆಯ ಚಾತುರ್ಮಾಸ್ಯವು ಮೂವರು ಸಾಕ್ಷಿಗಳ ಎದುರು ಮುರಿಯುತ್ತದೆ. ಉಗುಳಿದರೆ ನಲವತ್ತೇಳು ದಿನದ ವಾದವೆಲ್ಲ ಅದರೊಂದಿಗೆ ಹೊರಗೆ ಬೀಳುತ್ತದೆ. ಎರಡನ್ನೂ ಮಾಡಲಾರದೆ ಅದನ್ನು ಎಡಗೆನ್ನೆಯಲ್ಲಿ ಇರಿಸಿಕೊಂಡು, ಪಶ್ಚಿಮ ದಿಕ್ಕನ್ನು ಗಂಭೀರವಾಗಿ ಅವಲೋಕಿಸಿದೆ.

"ಮಾಸ್ಟ್ರು ಮಾತಾಡದೆ ಇಷ್ಟು ಹೊತ್ತು ಇದ್ದದ್ದನ್ನು ನಾನು ಕಂಡದ್ದಿಲ್ಲ" ಎಂದರು ರುಕ್ಮಯ್ಯ.

"ಸೂರ್ಯನೂ ಅಪ್‌ಡೇಟ್ ಮಾಡಿಸಿಕೊಂಡಿದ್ದಾನೆ ಅಕ್ಕ" ಎಂದ ಶಶಿರಾಜ. "ಭಾವನ ಒಪ್ಪಿಗೆ ಕೇಳ್ಲಿಲ್ಲ ಅಷ್ಟೆ."

ಅವನು ನನ್ನ ಫೋನನ್ನು ಎತ್ತಿ, ಇಂಟರ್‌ನೆಟ್ ತೆರೆದ. ಚೌಕವು ಒಮ್ಮೆ ಮಿಟುಕಿಸಿತು. ಜುಲೈ ೨೮ರ ಸೂರ್ಯನು, ನಲವತ್ತೇಳು ದಿನ ನನಗಾಗಿ ಕದಲದೆ ನಿಂತಿದ್ದವನು, ಒಂದೇ ಏಟಿಗೆ ಆರು ಮೂವತ್ತಮೂರಕ್ಕೆ ಇಳಿದುಬಿಟ್ಟ.

ಎದ್ದು ದಾಸವಾಳದ ಗಿಡದ ಬುಡಕ್ಕೆ ಹೋಗಿ ಉಗುಳಿದೆ. ನೀರಿನ ಚೊಂಬನ್ನು ಹಿಡಿದು ಅನಂತಮತಿ ಹಿಂದೆಯೇ ಬಂದಿದ್ದಳು. "ಬಾಯಿ ಮುಕ್ಕಳಿಸಿ. ಕುಡೀಬೇಡಿ" ಎಂದಳು, ಅಷ್ಟೇ. ನಗಲಿಲ್ಲ. ನಕ್ಕಿದ್ದರೆ ನನಗೆ ಹೆಚ್ಚು ಸುಲಭವಾಗುತ್ತಿತ್ತು.

ಮುಂದಿನ ಸಂಗತಿಗಳನ್ನು ದಾಖಲೆಗಾಗಿ ಬರೆಯುತ್ತೇನೆ.

ಸೆಪ್ಟೆಂಬರ್ ೧೪, ಭಾನುವಾರ ಬೆಳಿಗ್ಗೆ ಬಸದಿಗೆ ಹೋಗಿ ಇಂದ್ರರಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ. ನನ್ನ ಕಡೆಯ ಲೋಟ ನೀರು ಆರು ಐವತ್ತಕ್ಕೆ. ಸೂರ್ಯಾಸ್ತವು ಅದಕ್ಕೆ ಬಂದು ಮುಟ್ಟಿದ್ದು ಆಗಸ್ಟ್ ೧೭ರಂದು. ಆದ್ದರಿಂದ ದೋಷವು ಸರಿಯಾಗಿ ಇಪ್ಪತ್ತೆಂಟು ಸಂಜೆಗಳದ್ದು ಎಂದು ವಿವರಿಸಿದೆ. ಇಂದ್ರರು ಸಮಾಧಾನದಿಂದ ಕೇಳಿದರು. "ಮೂರು ದಿವಸ ಒಂದು ಹೊತ್ತಿನ ಊಟ ಮಾಡಿ ಅಂತ ಹೇಳುವವನಿದ್ದೆ ಮಾಸ್ಟ್ರೆ. ನೀವೇ ಇಷ್ಟು ಸರಿಯಾಗಿ ಲೆಕ್ಕ ಹೇಳಿದ ಮೇಲೆ ಇಪ್ಪತ್ತೆಂಟೇ ಇರ್ಲಿ" ಎಂದರು. ನನ್ನ ಪತ್ರವನ್ನು ಹಿಂದಕ್ಕೆ ಕೊಟ್ಟರು. ಅಕ್ಟೋಬರ್ ೧೧, ಶನಿವಾರದವರೆಗೆ ಮಧ್ಯಾಹ್ನ ಒಂದು ಹೊತ್ತು ಉಂಡೆ. ಸಂಜೆಯ ಊಟವಿರಲಿಲ್ಲ.

ಸೆಪ್ಟೆಂಬರ್ ೧೫ರಂದು ಅನ್ಸಾಫನು ನನ್ನ ಫೋನನ್ನು ಅಪ್‌ಡೇಟ್ ಮಾಡಿ, ಹೊಸ ಕವರನ್ನೂ ಮಾರಿದ. ಅಕ್ಷರಗಳು ಚೆನ್ನಾಗಿ ಕಾಣುತ್ತವೆ. ಬ್ಯಾಟರಿ ಬೇಗ ಮುಗಿಯುತ್ತದೆ. ರುಕ್ಮಯ್ಯರು ಮಾಡಿದ ಕರೆಗಳನ್ನು ಈವರೆಗೆ ಆರು ಸಲ ಕಟ್ ಮಾಡಿದ್ದೇನೆ.

ಹೊಸ ಆವೃತ್ತಿಯಲ್ಲಿ ಅಲಾರಮಿಗೆ ನಮ್ಮ ದನಿಯನ್ನೇ ಕೂರಿಸುವ ಸೌಲಭ್ಯ ಉಂಟು. ಹೊತ್ತು ಈಗ ಆರೂಕಾಲಿಗೇ ಮುಳುಗುವುದರಿಂದ, ಅಕ್ಟೋಬರ್ ೧೨ರಿಂದ ಪ್ರತಿ ಸಂಜೆ ಐದೂವರೆಗೆ ನನ್ನ ಕಿಸೆಯೊಳಗಿನಿಂದ ಅನಂತಮತಿ "ಬನ್ನಿ, ಎಲೆ ಹಾಕಿದ್ದೇನೆ" ಎನ್ನುತ್ತಾಳೆ. ಅದನ್ನು ನಿಲ್ಲಿಸುವ ಗುಂಡಿ ನನಗೆ ಇನ್ನೂ ಸಿಕ್ಕಿಲ್ಲ. ಹೋಗಿ ಎಲೆಯ ಮುಂದೆ ಕುಳಿತರೆ ಅಡುಗೆಮನೆಯಿಂದ ಅವಳೇ ಬಂದು ನಿಲ್ಲಿಸುತ್ತಾಳೆ.