ಕಾಬೂಲಿಯವನ ಪಾಳಿ ಊಟ

ಕಾಯದೆ ಮಾಡೋರು ಎಲ್ಲೋ ದೂರ ಕುಂತಿರತಾರ್ರಿ. ಅದರ ಪೆಟ್ಟು ಮಾತ್ರ ನಮ್ಮಂಥ ಪೊಲೀಸ ಸಿಪಾಯಿಗಳ ತಲಿಮ್ಯಾಲ ಬೀಳತಿರತೈತಿ. ನಾವಿನ್ನೂ ಮುಂಬೈ ಸರಕಾರದಾಗ ಇದ್ದಾಗ ಝಳಕಿಯೊಳಗ ಆಗಿದ್ದು ಕೇಳ್ರಿ.

೧. ಯಾರ ಬೀಗ?

ಇಂಗು ಮಾರಾಕ ಬಂದ ಕಾಬೂಲಿಯವ ಒಬ್ಬ ಕಾಲು ಮುರಕೊಂಡು ಆ ಊರಾಗ ಬಿದ್ದ. ಈ ದೇಶದಾಗ ಇರೋ ಅವನ ಪರವಾನಿಗಿ ಮುದ್ದತ್ತು ಮುಗದಿತ್ತು. "ಮ್ಯಾಲಿಂದ ಹುಕುಂ ಬರೋತನಾ ಇವನ್ನ ಚಾವಡಿಯಾಗ ಇಟಗೊಂಡು ಕಾಯಿ, ಆಮ್ಯಾಲ ಅವನ ದೇಶಕ್ಕ ಕಳಸೋಣು" ಅಂದ್ರು ಇಂಡಿ ಫೌಜದಾರ ಸಾಹೇಬ್ರು. ಹುಕುಂ ಬರಲಿಲ್ಲ, ಹಸಿವಿ ಬಂತು.

"ಇವ ಸರಕಾರದ ಬೀಗ, ಸರಕಾರ ಉಣಸಲಿ" ಅಂದ್ರು ಊರಗೌಡ್ರು. "ಊರಾಗ ಬಿದ್ದಾನ, ಊರು ಉಣಸಲಿ" ಅಂದೆ ನಾ. ಜಗಳದಾಗ ಹೊತ್ತು ನೆತ್ತಿಗಿ ಬಂತು. ಎದುರು ಮನಿ ಮುದುಕಿ ಆಯಿ ರೊಟ್ಟಿ ಬುಟ್ಟಿ ತಂದು ಅವನ ಮುಂದ ಇಟ್ಟಳು.

"ನೀವು ನ್ಯಾಯ ಬಗಿಹರಸ್ರಿ. ಅಟ್ಟೊತ್ತಿಗಿ ಇವ ಉಂಡು ಕೈ ತೊಳಕೋತಾನ."

೨. ಆಯಿ ರಂಜಕ

ತಾವ ವಾರಾನ್ನ ಉಂಡು ಸಾಲಿ ಕಲತ ನಮ್ಮ ಮಾಸ್ತರು, "ಹುಡುಗ್ರಿಗಿ ದಿನಕ್ಕೊಂದು ಮನಿ ಊಟ ಹಾಕೋ ಊರು, ಇವನಿಗಿ ಹಾಕೂದಿಲ್ಲೇನು?" ಅಂದ್ರು. ತಕ್ಷಣ ಏಳು ಮನಿಯೋರು ಮುಂದ ಬಂದ್ರು. ಜಾತಿ ಕೇಳಲಿಲ್ಲ, ದೇಶ ಕೇಳಲಿಲ್ಲ. ಅಂಥಾ ಊರ್ರಿ ಅದು, ಕೈ ಮುಗೀಬೇಕು!

ಗುರುವಾರ ಆಯಿ ಪಾಳಿ. ಆಕಿ ಅರದ ಕೆಂಪು ಮೆಣಸಿನಕಾಯಿ ರಂಜಕ ಅಂದ್ರ ಬೆಂಕಿ. ಒಂದು ತುತ್ತಿಗೇ ಕಾಬೂಲಿಯವನ ಕಣ್ಣಾಗ ದಳದಳ ನೀರು. "ಪಾಪ, ಊರ ನೆನಪಾತು" ಅಂತ ಆಯಿ ಸಮಾಧಾನಕ್ಕ ಇನ್ನಟು ರಂಜಕ ಹಾಕಿದಳು. ಕಾವಲಿಗಿ ಕುಂತ ನನಗೂ ಪಾಲು ಬಂತು. ನಾನೂ ಅತ್ತೆ. ನನ್ನೂರು ಅಲ್ಲಿಂದ ಹರದಾರಿ ದೂರ ಸುದ್ದಾ ಇದ್ದಿಲ್ಲ.

೩. ವಾಪಸ್

ಕಡೀಕ "ಇಂಡಿಗಿ ಕರಕೊಂಡು ಬಾ" ಅಂತ ಹುಕುಂ ಬಂತು. ಏಳೂ ಮನಿಯೋರು ಬುತ್ತಿ ಕಟ್ಟಿ, ಕಣ್ಣೊರಸಕೋತ ಅವನ್ನ ಮೋಟರ್ ಹತ್ತಿಸಿದ್ರು. ನಾ ಬುತ್ತಿಗಂಟು ಹಿಡಕೊಂಡು ಅವನ ಬಾಜೂಕ ಕುಂತೆ.

ಇಂಡಿಯೊಳಗ ಸಾಹೇಬ್ರು, "ಗಡಿತನಾ ಒಯ್ಯೋ ಖರ್ಚು ಯಾರದು ಅಂತ ಮ್ಯಾಲಿನವರು ಇನ್ನೂ ಹೇಳಿಲ್ಲ, ಇಲ್ಲೇ ಇರಲಿ" ಅಂದ್ರು. ಬುತ್ತಿ ಬಿಚ್ಚಿಸಿ ತಾವೂ ಜೋಡಿಗಿ ಉಂಡ್ರು. ಬುತ್ತಿ ತೀರಿದ ಮ್ಯಾಲ ಅವರಿಗಿ ಕಾಯದೆ ನೆನಪಾತು. "ಇಲ್ಲಿ ಇವನ್ನ ಸಾಕೋರು ಯಾರೋ? ವಾಪಸ್ ಒಯ್ಯಿ!"

ನಾವು ಝಳಕಿಯೊಳಗ ಇಳದದ್ದ ತಡ, "ಬಂದನೋ ಬಂದ!" ಅಂತ ಮಂದಿ ಓಡಿ ಬಂದ್ರು. ಆಯಿ ಎಲ್ಲಾರನ್ನೂ ಸರಿಸಿ ಅವನ ಕೈ ಹಿಡದಳು. "ನಡೀಯೋ ತಮ್ಮಾ, ಇವತ್ತ ನನ್ನ ಪಾಳಿ. ಹೊಸಾ ರಂಜಕ ಅರದಿಟ್ಟೇನಿ."

ಅವನ ಕಣ್ಣು ತುಂಬಿ ಬಂದ್ವು.

"ಮತ್ತ ಊರ ನೆನಪಾತೇನಪಾ?" ಅಂದಳು ಆಯಿ.

"ಇಲ್ಲ ಆಯಿ," ಅಂದ ಅವ, "ಗುರುವಾರ ನೆನಪಾತು."